ಮೊದಲು ನಿಮ್ಮ ಕೈಗೆ

ರೇಜರು ಗುಮಾಸ್ತರ ಗಂಟಲಿನ ಮೇಲಿದ್ದಾಗಲೇ ಟೀವಿಯಲ್ಲಿ ಆ ಮುಖ ಬಂತು. ಅಣ್ಣಯ್ಯನ ಕೈ ಇದ್ದಲ್ಲೇ ನಿಂತಿತು.

"ಮೊದ್ಲು ಕತ್ತಿ ತೆಗಿಯಪ್ಪಾ, ಆಮೇಲೆ ಟೀವಿ ನೋಡು," ಎಂದು ಗುಮಾಸ್ತರು ತುಟಿ ಅಲ್ಲಾಡಿಸದೆ ಹೇಳಿದರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಬೀದಿಯವರಿಗೆ ಅವರು ಗುಮಾಸ್ತರೇ. ಸಲೂನಿನ ಯಜಮಾನ ತನಗಿಂತ ಹಿರಿಯರಿಗೂ ಅಣ್ಣಯ್ಯನೇ ಆಗಿದ್ದ ಹಾಗೆ.

ಟೀವಿಯಲ್ಲಿದ್ದದ್ದು ಹಳೆಯ ಫೋಟೋ, ಯಾರೋ ಯುವಕನದು. ದಪ್ಪ ಮೀಸೆ, ಹಿಂದಕ್ಕೆ ಬಾಚಿದ ಕೂದಲು, ಕೆಳಗೆ ಯಾರೂ ಕೇಳಿರದ ಒಂದು ಹೆಸರು. ಅದು ಯಾರೆಂದು ಕಣ್ಣಿಗೆ ತಿಳಿಯುವ ಮೊದಲೇ ಅಣ್ಣಯ್ಯನ ಬೆರಳುಗಳಿಗೆ ತಿಳಿಯಿತು. ಗದ್ದದ ಎಡಬದಿಯ ಆ ತಗ್ಗು, ಬ್ಲೇಡನ್ನು ಸ್ವಲ್ಪ ಓರೆ ಮಾಡದಿದ್ದರೆ ಕೂದಲು ಸಿಗದ ಜಾಗ. ಅವನ ಬೆರಳು ವರ್ಷಗಟ್ಟಲೆ ಹೋಗಿ ಬಂದ ದಾರಿ ಅದು.

"ಇವ್ರು ನಮ್ಮ ಪದಬಂಧದವ್ರು," ಎಂದ.

ಕಾಯುವ ಬೆಂಚಿನ ಮೇಲೆ ಕೂತು ಪತ್ರಿಕೆಯ ಪದಬಂಧ ಬಿಡಿಸುತ್ತಿದ್ದುದರಿಂದ ಆ ಮುದುಕರಿಗೆ ಅದೇ ಹೆಸರಾಗಿತ್ತು. ಬಿಡಿಸುತ್ತಿದ್ದರು ಎಂದರೆ, ಪೆನ್ನು ಮುಟ್ಟುತ್ತಿರಲಿಲ್ಲ. ಒಂದೊಂದು ಚೌಕದ ಮೇಲೂ ಕಣ್ಣಾಡಿಸಿ, ಕೊನೆಗೊಮ್ಮೆ ತಲೆಯಾಡಿಸಿ, ಪತ್ರಿಕೆ ಮಡಚಿಡುತ್ತಿದ್ದರು. ಚೌಕಗಳು ಖಾಲಿಯಾಗಿಯೇ ಇರುತ್ತಿದ್ದವು. ಅವರ ಕೈಬರಹ ಹೇಗಿದೆಯೆಂದು ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅದೊಂದು ವಿಚಿತ್ರ ಎಂದು ಅಲ್ಲಿಯವರೆಗೆ ಯಾರಿಗೂ ಅನ್ನಿಸಿಯೂ ಇರಲಿಲ್ಲ.

ಟೀವಿಯ ಹೆಂಗಸು ಒಂದೇ ಉಸಿರಿಗೆ ಹೇಳುತ್ತಿದ್ದಳು. ಒಂದು ಕಾಲಕ್ಕೆ ದೊಡ್ಡ ಗೂಢಚಾರ, ಆಮೇಲೆ ಗುಟ್ಟುಗಳನ್ನು ಎದುರಾಳಿಗೆ ಮಾರಿದವನು, ಆಮೇಲೆ ಎಲ್ಲಿಯೋ ಮರೆಯಾದವನು. ಕಳೆದ ವಾರ ಗ್ರಂಥಾಲಯದಲ್ಲಿ ಓದುತ್ತ ಕೂತಿದ್ದಾಗ ಕುಸಿದುಬಿದ್ದು ಈಗ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾನೆ. ವಿಷವಿರಬಹುದೆಂದು ವೈದ್ಯರ ಶಂಕೆ.

ಗುಮಾಸ್ತರು ಅರ್ಧ ಮುಖದ ನೊರೆಯೊಂದಿಗೇ ಎದ್ದು ನಿಂತರು. ಹತ್ತು ನಿಮಿಷದಲ್ಲಿ ಸುದ್ದಿಗೆ ರೆಕ್ಕೆಪುಕ್ಕ ಬಂದು ಬೀದಿಯ ಆ ತುದಿ ಮುಟ್ಟಿತು.

ಅಂದಿನಿಂದ ಬೀದಿಗೆ ಬೇರೆ ಕೆಲಸವೇ ಇರಲಿಲ್ಲ. ಪಕ್ಕದ ಔಷಧಿ ಅಂಗಡಿಯವರು, ಅದುವರೆಗೆ ಕೆಮ್ಮಿನ ಸಿರಪ್ಪಿನಿಂದಾಚೆ ಬಾಯಿಬಿಡದ ಮನುಷ್ಯ, ರಾತ್ರಿ ಬೆಳಗಾಗುವುದರೊಳಗೆ ವಿಷದ ಪಂಡಿತರಾದರು. ಟೀಯಲ್ಲಿ ಹಾಕಿರಬೇಕು ಎಂದರೊಬ್ಬರು. ಕೈಕುಲುಕಿದವನ ಉಂಗುರದಲ್ಲಿ ಮುಳ್ಳಿತ್ತು ಎಂದರು ಇನ್ನೊಬ್ಬರು, ಕಣ್ಣಾರೆ ಕಂಡವರ ಹಾಗೆ. "ಆಸ್ಪತ್ರೇಲಿ ಮಲಗಿರೋದು ಅವ್ರೇ ಅಲ್ಲ ಕಣ್ರೀ, ಅವ್ರ ಥರಾನೇ ಇರೋ ಇನ್ನೊಬ್ರು," ಎಂದು ಗುಮಾಸ್ತರು ಪಿಸುಗುಟ್ಟಿದಾಗ ಎಲ್ಲರೂ ನಕ್ಕರು. ನಕ್ಕು, ಬೆಂಚಿನ ಖಾಲಿ ಮೂಲೆಯ ಕಡೆ ಒಮ್ಮೆ ತಿರುಗಿ ನೋಡಿ ಸುಮ್ಮನಾದರು. ಅಲ್ಲಿ ಯಾರೂ ಕೂರುತ್ತಿರಲಿಲ್ಲ.

ಇಷ್ಟು ಮಾತಿನ ನಡುವೆ ಮಾತಾಡದೆ ಇದ್ದವನು ಅಣ್ಣಯ್ಯ ಒಬ್ಬನೇ. ಕ್ಷೌರ ಮಾಡುವವನ ಬಾಯಿಗೆ ಬೀಗ ಬಿದ್ದರೆ ಯಾರಾದರೂ ಗಮನಿಸಲೇಬೇಕಿತ್ತು, ಆದರೆ ಬೀದಿ ತನ್ನ ಗದ್ದಲದಲ್ಲಿತ್ತು.

ಪದಬಂಧದವರು ಮೊದಲ ಸಲ ಬಂದಾಗ ತಮ್ಮದೇ ಲೋಷನ್ ಬಾಟಲಿ ತಂದಿದ್ದರು. ಕ್ಷೌರ ಮುಗಿದ ಮೇಲೆ ಅಣ್ಣಯ್ಯ ಅದನ್ನು ಅಂಗೈಗೆ ಸುರಿದುಕೊಳ್ಳುವಷ್ಟರಲ್ಲಿ ಅವರು ತಡೆದರು. "ಮೊದಲು ನಿಮ್ಮ ಕೈಗೆ ಹಚ್ಕೊಳ್ಳಿ. ಸ್ವಲ್ಪ ಹೊತ್ತು ನೋಡಿ ನನಗೆ ಹಚ್ಚಿ." ಚರ್ಮ ಸೂಕ್ಷ್ಮವಿರಬೇಕು ಎಂದುಕೊಂಡು ಅವನು ಎಡಗೈ ಮಣಿಕಟ್ಟಿನ ಒಳಭಾಗಕ್ಕೆ ಹಚ್ಚಿಕೊಂಡ. ಮರುದಿನವೂ ಅದೇ ಮಾತು, ಮರುವರ್ಷವೂ ಅದೇ. ಕೊನೆಗೆ ಅವರು ಹೇಳುವುದನ್ನು ಬಿಟ್ಟರು, ಇವನು ತಾನಾಗಿಯೇ ಮಾಡತೊಡಗಿದ. ಮಣಿಕಟ್ಟಿಗೆ ಹಚ್ಚಿಕೊಂಡು ಕಾಯುವುದು. ಅವರು ಪದಬಂಧದ ಒಂದೆರಡು ಸಾಲು ನೋಡುವುದು. ಆಮೇಲೆ ಹೂಂ ಎನ್ನುವುದು. ಬಾಟಲಿಗೆಂದೇ ಕನ್ನಡಿಯ ಕೆಳಗೊಂದು ಡ್ರಾಯರನ್ನು ಅವರೇ ಮಾಡಿಸಿದ್ದರು, ಹಿಡಿಕೆಯೇ ಇಲ್ಲದ್ದು. ತಿಳಿಯದವರಿಗೆ ಅದು ಬರೀ ಹಲಗೆ. ಅಡಿಯಲ್ಲಿ ಬೆರಳು ಹಾಕಿ ಎಳೆದರೆ ಮಾತ್ರ ಬರುತ್ತಿತ್ತು.

ಒಂದು ದಿನ ಗುಮಾಸ್ತರು ತಮಾಷೆಗೆ, "ರಾಜರ ಕಾಲದಲ್ಲಿ ಅಡುಗೆಯವನಿಗೇ ಮೊದಲ ತುತ್ತು ತಿನ್ನಿಸ್ತಿದ್ರಂತೆ. ನಿಂದೂ ಅದೇ ಉದ್ಯೋಗ ಕಣಯ್ಯಾ," ಎಂದುಬಿಟ್ಟರು. ಮಾತು ಅಣ್ಣಯ್ಯನಿಗೆ ಚುಚ್ಚಿತು. ಅವನ ಕೈಗೆ ಸಿಕ್ಕ ಗಂಟಲುಗಳಿಗೆ ಲೆಕ್ಕವಿಲ್ಲ. ಕಣ್ಣು ಮುಚ್ಚಿ, ಕತ್ತು ಮೇಲೆತ್ತಿ, ಗೊರಕೆ ಹೊಡೆದವರೂ ಇದ್ದಾರೆ. ಇವರಿಗೆ ಮಾತ್ರ ನಂಬಿಕೆ ಇಲ್ಲವೆಂದರೆ?

ಮರುದಿನ ನಗುನಗುತ್ತಲೇ ಕೇಳಿದ, ಆದರೆ ಒಳಗೆ ನಗು ಇರಲಿಲ್ಲ. "ಏನ್ ಸಾರ್, ಕತ್ತನ್ನೇ ನನ್ನ ಕೈಗೆ ಕೊಡ್ತೀರಿ. ಬಾಟ್ಲಿ ವಿಷ್ಯಕ್ಕೆ ಬಂದ್ರೆ ಮಾತ್ರ ಅನುಮಾನಾನಾ?"

ಪದಬಂಧದವರು ಕನ್ನಡಿಯಲ್ಲಿ ಅವನನ್ನು ನೋಡಿದರು. "ನಿಮ್ಮ ಮೇಲಲ್ಲ," ಎಂದರು. "ಯಾರನ್ನೂ ನಂಬದೆ ಬದುಕಿ ಬದುಕಿ ಅಭ್ಯಾಸವಾಗಿಹೋಗಿದೆ. ಕೆಟ್ಟ ಅಭ್ಯಾಸ."

ಗ್ರಂಥಾಲಯದಲ್ಲಿ ಕುಸಿದ ದಿನ ಬೆಳಿಗ್ಗೆ ಅವರು ಹೊಸ ಬಾಟಲಿ ತಂದಿದ್ದರು. ಅದೇ ಬಗೆಯದು, ಅದೇ ನಿಂಬೆಸಿಪ್ಪೆಯ ವಾಸನೆ. "ಹಳೇ ಸ್ನೇಹಿತ ಕಳಿಸಿದ್ದಾನೆ. ನಾನು ಯಾವುದು ಹಚ್ತೀನಿ ಅಂತ ಇನ್ನೂ ನೆನಪಿಟ್ಕೊಂಡಿದ್ದಾನೆ ನೋಡಿ," ಎಂದರು. ಕ್ಷೌರ ಮುಗಿಸಿ ಅಣ್ಣಯ್ಯ ಅಭ್ಯಾಸದಂತೆ ಮಣಿಕಟ್ಟು ಮುಂದೆ ಮಾಡಿ ಬಾಟಲಿಗೆ ಕೈಚಾಚಿದ. ಅವರ ಕೈ ಬಂದು ಅವನ ಮಣಿಕಟ್ಟನ್ನು ಮುಚ್ಚಿತು. ತಣ್ಣಗಿನ ಕೈ. ಒತ್ತಿ ಹಿಡಿಯಿತು.

"ಇವತ್ತು ಬೇಡ. ನೀವು ಹೇಳಿದ್ದೇ ಸರಿ. ಒಬ್ಬರನ್ನಾದ್ರೂ ನಂಬಬೇಕು."

ತಾವೇ ಮುಚ್ಚಳ ತೆಗೆದು ತಾವೇ ಹಚ್ಚಿಕೊಂಡರು. ತಾವೇ ಬಿಗಿಯಾಗಿ ಮುಚ್ಚಿ ಡ್ರಾಯರಿನಲ್ಲಿಟ್ಟರು. ಬೇಸಿನ್ನಿನಲ್ಲಿ ಕೈ ತೊಳೆದು, ನಲ್ಲಿಯನ್ನೂ ತೊಳೆದು, ತಮ್ಮ ಕರವಸ್ತ್ರದಲ್ಲಿ ಒರೆಸಿಕೊಂಡು ಹೋದರು. ಅಣ್ಣಯ್ಯನಿಗೆ ಅಂದು ಕಾಲು ನೆಲದ ಮೇಲಿರಲಿಲ್ಲ. "ಕೊನೆಗೂ ನನ್ನ ನಂಬಿದ್ರು ಕಣೇ," ಎಂದು ಹೆಂಡತಿಗೆ ಹೇಳಿಕೊಂಡು ಬೀಗಿದ್ದ.

ಟೀವಿಯಲ್ಲಿ ಸುದ್ದಿ ಬಂದ ಮರುದಿನ ಪೊಲೀಸರು ಬಂದರು. ಅಧಿಕಾರಿ ಮೆಲುದನಿಯ ಹೆಂಗಸು. ಕಪಾಟಿನ ಮೇಲಿದ್ದ ಕ್ರೀಮು, ಬ್ರಶ್ಶು, ರೇಜರು, ಟವೆಲುಗಳನ್ನೆಲ್ಲ ಚೀಲಕ್ಕೆ ತುಂಬಿಸಿದಳು. "ಅವರದು ಅಂತ ಬೇರೆ ಏನಾದ್ರೂ ಇಡ್ತಿದ್ರಾ ಇಲ್ಲಿ?"

"ಇಲ್ಲ ಮೇಡಂ."

ಬಾಯಿಂದ ಬಂದುಹೋಯಿತು. ಅಂಗಡಿ ಮುಚ್ಚಿಸುತ್ತಾರೆ, ಒಳಗೆ ಹಾಕುತ್ತಾರೆ ಎನ್ನುವ ಭಯ ಇದ್ದೇ ಇತ್ತು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಆ ಬಾಟಲಿಯಲ್ಲಿ ಏನಾದರೂ ಸಿಕ್ಕರೆ, ಮುದುಕರು ಪರೀಕ್ಷಿಸದೆಯೇ ಅದನ್ನು ಹಚ್ಚಿಕೊಳ್ಳುವಂತೆ ಮಾಡಿದ್ದು ಬಾಟಲಿಯ ಬಗ್ಗೆ ತಾನಾಡಿದ ಚುಚ್ಚುಮಾತು ಎಂದಾಗುತ್ತಿತ್ತು. ಅದು ಗೊತ್ತಾಗದೆ ಇರಲಿ ಎಂದು ಅವನ ಮನಸ್ಸು ಅಂಗಲಾಚುತ್ತಿತ್ತು. ಅಧಿಕಾರಿ ತನ್ನ ನಂಬರಿದ್ದ ಚೀಟಿಯನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿ ಹೋದಳು.

ಸುತ್ತಿ ಸುತ್ತಿ ಬೀದಿಯ ಮಾತು ಸಲೂನಿಗೇ ಬಂತು. ಕುಸಿಯುವ ಮುಂಚೆ ಅವರು ಕೂತದ್ದು ಕ್ಷೌರದ ಕುರ್ಚಿಯಲ್ಲಿ ಎಂದು ಟೀವಿಯವರೇ ಹೇಳಿದರು. "ಚರ್ಮದಿಂದಾನೇ ಒಳಗಿಳಿಯೋ ವಿಷಗಳಿವೆ," ಎಂದು ಔಷಧಿ ಅಂಗಡಿಯವರು ತಮ್ಮ ಗದ್ದ ಸವರಿಕೊಂಡರು. ಆಮೇಲೆ ಬೀದಿಗೆ ಬೀದಿಯೇ ಗಡ್ಡ ಬಿಟ್ಟಿತು. ದಿನಾ ಬರುತ್ತಿದ್ದವರು ಆಚೆ ಬದಿಯಲ್ಲಿ ನಡೆಯತೊಡಗಿದರು. ಗುಮಾಸ್ತರಂತೂ ಎದುರು ಸಿಕ್ಕರೆ ಆಕಾಶ ನೋಡುತ್ತಿದ್ದರು. ಅಣ್ಣಯ್ಯ ಎರಡು ಕನ್ನಡಿಗಳ ನಡುವೆ ನೊಣ ಹೊಡೆಯುತ್ತ ಕೂತ. ಎದುರು ಕನ್ನಡಿಯಲ್ಲಿ ಅವನು, ಅವನ ಹಿಂದೆ ಅವನ ಬೆನ್ನು, ಅದರ ಹಿಂದೆ ಮತ್ತೆ ಅವನು, ಹೀಗೆ ಸಾಲಾಗಿ ಒಳಗೊಳಗೆ ಹೋಗುತ್ತಿದ್ದವರಲ್ಲಿ ಯಾರಾದರೊಬ್ಬರು ತಾನು ಅಲುಗಿದಾಗ ಅಲುಗದೆ ಸುಮ್ಮನಿದ್ದರೆ ಏನು ಗತಿ ಎಂದು ಅನ್ನಿಸಿ ಮೈ ಜುಮ್ಮೆನ್ನುತ್ತಿತ್ತು.

ವಾಸನೆ ಶುರುವಾದದ್ದು ಆಗ. ಡ್ರಾಯರು ಮುಚ್ಚಿತ್ತು, ಬಾಟಲಿಯ ಮುಚ್ಚಳ ಬಿಗಿಯಾಗಿತ್ತು, ಆದರೂ ನಿಂಬೆಸಿಪ್ಪೆಯ ವಾಸನೆ ಅಂಗಡಿಯೊಳಗೆ ಸುಳಿಯುತ್ತಿತ್ತು. ಊಟದ ಡಬ್ಬಿ ತಂದ ಹೆಂಡತಿ ಬಾಗಿಲಲ್ಲೇ ನಿಂತಳು.

"ರೀ, ಅವ್ರು ಬಂದಿದ್ರಾ?" ಎಂದಳು. ಆಮೇಲೆ ತನ್ನ ಮಾತು ತನಗೇ ಕೇಳಿಸಿ ಬಾಯಿ ಮುಚ್ಚಿಕೊಂಡಳು.

ಅಣ್ಣಯ್ಯ ಎಲ್ಲವನ್ನೂ ಹೇಳಿದ. "ಚರಂಡಿಗೆ ಸುರಿದುಬಿಡಿ," ಎಂದಳು, ಮರುಕ್ಷಣವೇ, "ಬೇಡ, ಬೇಡ. ಆ ನೀರು ಎಲ್ಲೆಲ್ಲಿಗೆ ಹೋಗುತ್ತೋ. ಆ ಅಧಿಕಾರಿಗೆ ಕೊಟ್ಟುಬಿಡಿ."

"ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಅಂದ್ರೆ ಏನ್ ಹೇಳ್ಲಿ?"

"ಹೆದರಿಕೆ ಆಯ್ತು ಅನ್ನಿ. ನಿಜಾನೇ ಅಲ್ವಾ?"

"ಅದ್ರಲ್ಲಿ ಏನೂ ಇಲ್ದೇನೇ ಇರ್ಬೋದು ಕಣೇ."

"ಹಾಗಿದ್ರೆ ಯಾಕ್ರೀ ನೀವು ಆ ಡ್ರಾಯರು ಮುಟ್ತಿಲ್ಲ?"

ಅವಳು ಡಬ್ಬಿಯನ್ನು ಕಪಾಟಿನ ಮೇಲಿಡದೆ ವಾಪಸ್ಸು ಹಿಡಿದುಕೊಂಡು, ಮನೆಗೇ ಬಂದು ಉಣ್ಣಿ ಎಂದು ಹೋದಳು.

ಪದಬಂಧದವರು ತೀರಿಕೊಂಡರು ಎಂದು ಮರುದಿನ ಮಧ್ಯಾಹ್ನ ಟೀವಿ ಹೇಳಿತು. ಕಾರಣ ಖಚಿತವಿಲ್ಲ ಎಂದೂ ಹೇಳಿತು. ಮೀಸೆಯ ಯುವಕ ಮತ್ತೆ ಬಂದು ಅಣ್ಣಯ್ಯನನ್ನೇ ದಿಟ್ಟಿಸಿದ. ಅಣ್ಣಯ್ಯ ಟೀವಿ ಆರಿಸಿದ. ದುಃಖ ಉಕ್ಕಿ ಬಂತು, ಅದರ ಜೊತೆಗೇ ಒಂದು ಹಟವೂ ಬಂತು. ಇಷ್ಟು ವರ್ಷ ಮಾಡಿದ ಕೆಲಸ ಒಂದು ದಿನ ತಪ್ಪಿಹೋಯಿತು, ಅಷ್ಟೇ ತಾನೆ? ಈಗ ಮಾಡಿದರಾಯಿತು. ಏನೂ ಆಗದಿದ್ದರೆ ಬಾಟಲಿ ನಿರ್ದೋಷಿ, ಅವನೂ ನಿರ್ದೋಷಿ.

ಹಲಗೆಯಡಿ ಬೆರಳು ಹಾಕಿ ಎಳೆದ. ಟವೆಲಿನಿಂದ ಬಾಟಲಿ ಹಿಡಿದು ಮೇಲಿಟ್ಟ. ಅವರ ಕುರ್ಚಿಯಲ್ಲಿ ಕೂತು ಎಡತೋಳು ಮಡಚಿ, ಮಣಿಕಟ್ಟು ಮೇಲೆ ಮಾಡಿದ. ಇನ್ನೊಂದು ಕೈ ಟವೆಲು ಸುತ್ತಿದ ಮುಚ್ಚಳದ ಮೇಲಿತ್ತು.

ಆಗ ಮಣಿಕಟ್ಟು ತಣ್ಣಗಾಯಿತು.

ಗಾಳಿಯಿರಲಿಲ್ಲ, ಫ್ಯಾನು ತಿರುಗುತ್ತಿರಲಿಲ್ಲ. ಆದರೂ ಅಂದು ಬೆಳಿಗ್ಗೆ ಒತ್ತಿದ ಜಾಗದಲ್ಲೇ, ಅಷ್ಟೇ ಬಿಗಿಯಾಗಿ, ಯಾರೋ ಒತ್ತಿ ಹಿಡಿದ ಹಾಗಾಯಿತು. ಇವತ್ತು ಬೇಡ ಎಂದಾಗ ಅವರ ಬೆರಳುಗಳು ಎಷ್ಟು ಬಿಗಿಯಾಗಿದ್ದವು ಎಂಬುದು ಅವನಿಗೆ ಈಗ ನೆನಪಾಯಿತು. ನಂಬಿಕೆಯಿಂದ ಕೈ ಹಿಡಿಯುವವರು ಯಾರೂ ಹಾಗೆ ಹಿಡಿಯುವುದಿಲ್ಲ. ಬೆಂಕಿಯ ಕಡೆ ಕೈಚಾಚಿದ ಮಗುವನ್ನು ಹಾಗೆ ಹಿಡಿಯುತ್ತಾರೆ.

ಅಣ್ಣಯ್ಯ ಮುಚ್ಚಳದಿಂದ ಕೈ ತೆಗೆದ. ಆಮೇಲೆ ಬಾಟಲಿಯನ್ನು ಟವೆಲಿನಲ್ಲೇ ಎತ್ತಿ ಡ್ರಾಯರಿನೊಳಗಿಟ್ಟು, ಟವೆಲನ್ನೂ ಅಲ್ಲೇ ಬಿಟ್ಟು, ಕನ್ನಡಿಯ ಅಂಚಿನ ಚೀಟಿ ತೆಗೆದು ಫೋನು ಮಾಡಿದ.

ಅಧಿಕಾರಿಯ ಜೊತೆ ಮೈತುಂಬ ಬಿಳಿ ಪ್ಲಾಸ್ಟಿಕ್ ತೊಟ್ಟ, ಮುಖ ಕಾಣದ ನಾಲ್ಕು ಜನ ಬಂದರು. ಬೀದಿಯ ಕಿಟಕಿಗಳೆಲ್ಲ ತಲೆಗಳಿಂದ ತುಂಬಿದ್ದವು, ಆದರೆ ಒಂದು ಕೆಮ್ಮೂ ಕೇಳಿಸಲಿಲ್ಲ. ಅಣ್ಣಯ್ಯ ಹಳೆಯ ಸ್ನೇಹಿತನ ಉಡುಗೊರೆಯಿಂದ ತನ್ನ ಸುಳ್ಳಿನವರೆಗೆ ಒಂದನ್ನೂ ಬಿಡದೆ ಹೇಳಿದ. ಅವಳು ಬೈಯುತ್ತಾಳೆಂದು ಕಾದ. ಅವಳು ಬೈಯಲಿಲ್ಲ.

"ಆವತ್ತು ನೀವು ಬಾಟಲಿ ಮುಟ್ಟಲೇ ಇಲ್ವಾ?"

"ಮುಟ್ಟೋಕೆ ಹೋದೆ ಮೇಡಂ. ಅವ್ರು ಬಿಡ್ಲಿಲ್ಲ."

"ಎಲ್ಲಿ, ಕೈ ತೋರಿಸಿ."

ಅವನು ಎಡಗೈ ಚಾಚಿದ. ಅವಳು ಅದನ್ನು ಮುಟ್ಟದೆ ಬಗ್ಗಿ ನೋಡಿದಳು. ಆಮೇಲೆ ಬಿಳಿ ಬಟ್ಟೆಯವರಿಗೆ ಸನ್ನೆ ಮಾಡಿದಳು. ಅವರು ಬಾಟಲಿಯನ್ನಷ್ಟೇ ಒಯ್ಯಲಿಲ್ಲ. ಡ್ರಾಯರನ್ನು ಒಯ್ದರು, ಕುರ್ಚಿಯ ತೋಳುಗಳನ್ನು ಬಿಚ್ಚಿ ಒಯ್ದರು, ಬೇಸಿನ್ನಿನ ನಲ್ಲಿಯನ್ನೂ ಕಿತ್ತು ಒಯ್ದರು. ಅಣ್ಣಯ್ಯನ ರಕ್ತವನ್ನೂ ತೆಗೆದುಕೊಂಡು ಹೋದರು. ಬಾಟಲಿಯಲ್ಲಿ ಏನಿತ್ತು ಎಂದು ಆಮೇಲೆ ಯಾರೂ ಹೇಳಲಿಲ್ಲ. ಫೋನು ಮಾಡಿದಾಗಲೆಲ್ಲ ಅಧಿಕಾರಿ ಒಂದೇ ಮಾತು ಕೇಳುತ್ತಿದ್ದಳು, ನಿಮ್ಮ ಆರೋಗ್ಯ ಹೇಗಿದೆ ಎಂದು.

ಟೀವಿಗೆ ಬೇರೆ ಸುದ್ದಿ ಸಿಕ್ಕಿತು. ಬೀದಿಗೂ ಮಾತು ಸಾಕಾಯಿತು, ಗಡ್ಡ ತುರಿಸತೊಡಗಿತು. ಒಂದು ಬೆಳಿಗ್ಗೆ ಗುಮಾಸ್ತರು, ಏನೂ ಆಗಿಲ್ಲವೆಂಬಂತೆ, ಪತ್ರಿಕೆ ಹಿಡಿದು ಒಳಗೆ ಬಂದು ಕುರ್ಚಿಯಲ್ಲಿ ಕೂತರು. "ನೀಟಾಗಿ ಮಾಡಪ್ಪಾ, ಕಾಡುಮನುಷ್ಯನ ಥರ ಆಗ್ಬಿಟ್ಟಿದೀನಿ," ಎಂದರು. ಕನ್ನಡಿಯ ಕೆಳಗೆ ಡ್ರಾಯರಿದ್ದ ಜಾಗದಲ್ಲಿ ಒಂದು ಚೌಕದ ಕತ್ತಲೆ ಬಾಯ್ತೆರೆದಿತ್ತು. ಅಣ್ಣಯ್ಯ ಅದಕ್ಕೆ ಹಲಗೆ ಹೊಡೆಸಿರಲಿಲ್ಲ.

ಕ್ಷೌರ ಮುಗಿಯಿತು. ಅಣ್ಣಯ್ಯ ಹೊಸ ಲೋಷನ್ ಬಾಟಲಿಯ ಮುಚ್ಚಳ ತೆಗೆದು, ನಾಲ್ಕು ಹನಿ ತನ್ನ ಎಡಗೈ ಮಣಿಕಟ್ಟಿಗೆ ಸುರಿದು, ಮೆಲ್ಲಗೆ ತಿಕ್ಕಿಕೊಂಡ. ತೋಳು ಮೇಲೆತ್ತಿ ಹಿಡಿದುಕೊಂಡು ನಿಂತ.

ಗುಮಾಸ್ತರು ಕನ್ನಡಿಯಲ್ಲಿ ಅವನನ್ನು ನೋಡಿದರು. ಏನೋ ತಮಾಷೆ ಮಾಡಲು ಬಾಯಿ ತೆರೆದವರು ಹಾಗೆಯೇ ಮುಚ್ಚಿದರು. ತೊಡೆಯ ಮೇಲಿದ್ದ ಪತ್ರಿಕೆ ಬಿಡಿಸಿ, ಪದಬಂಧದ ಪುಟ ತೆಗೆದು, ಖಾಲಿ ಚೌಕಗಳ ಮೇಲೆ ಕಣ್ಣಿಟ್ಟು ಕಾದರು.