ಎಣಿಸಬಾರದವರು

ಆ ಜೈಲಿನ ಬಾಗಿಲು ನೋಡಿ ನನಗೆ ಮೊದಲು ನಗು ಬಂತು. ಕೈಗೊಂದು ನಂಬರಿನ ಬಿಲ್ಲೆ ಕೊಟ್ಟು ಒಳಗೆ ಬಿಟ್ಟರು. ಹಿಂದಿನ ಬಾಗಿಲು ಮುಚ್ಚಿದ ಮೇಲೆಯೇ ಮುಂದಿನದು ತೆರೆಯಿತು. ಎರಡೂ ಒಟ್ಟಿಗೆ ತೆರೆಯುವುದೇ ಇಲ್ಲವಂತೆ. ಪೆದ್ದೆಮುಲ್ ಕಡೆಯ ನಮ್ಮ ಕುರಿಹಟ್ಟಿಗೂ ಮನೆಯವರು ಹೀಗೆಯೇ ಎರಡು ಮುಳ್ಳಿನ ತಡಿಕೆ ಕಟ್ಟುತ್ತಾರೆ. ಅದು ತೋಳಕ್ಕಾಗಿ. ಇಲ್ಲಿ ತೋಳ ಯಾರು ಎಂದು ಕೇಳುವ ಮನಸ್ಸಾಯಿತು.

ನನ್ನ ಮಗ ನರೇಶ ಜಗಳವೊಂದರಲ್ಲಿ ಕೈ ಮೀರಿ ಹೊಡೆದು ಒಳಗೆ ಹೋದವನು. ಹಳೆಯ ಜೈಲಿನ ಗೋಡೆ ಹಾರಿದನೆಂದು ಈ ಹೊಸ ಬಿಗಿ ಜೈಲಿಗೆ ತಂದಿದ್ದರು. ಗುಡ್ಡ ಹತ್ತಿ ಬೆಳೆದವನಿಗೆ ಗೋಡೆ ಯಾವ ಲೆಕ್ಕ!

ಕಾವಲಿನ ತುಳಜಪ್ಪ ನ್ಯಾಲ್ಕಲ್ ಕಡೆಯವರು, ಈ ತೆಲುಗು ಸೀಮೆಯ ಜೈಲಿನಲ್ಲಿ ನಮ್ಮ ಕನ್ನಡ ಮಾತಿನವರು. ಬಿಟ್ಟೇನೆಯೇ? ಕೇಳಿದ್ದೇ ಕೇಳಿದ್ದು. ಇಲ್ಲಿ ಯಾರ ಸೊಂಟದಲ್ಲೂ ಕೀಲಿಯಿಲ್ಲವಂತೆ. ದೂರದ ಕೋಣೆಯಲ್ಲಿ ಒಬ್ಬ ಪರದೆ ನೋಡುತ್ತ ಗುಂಡಿ ಒತ್ತುತ್ತಾನೆ. ಒಂದು ಕೋಣೆಯ ಕಿಟಕಿಯಿಂದ ಇನ್ನೊಂದು ಕೋಣೆ ಕಾಣದಂತೆ ಕಟ್ಟಿದ್ದಾರೆ. ಆಕಾಶ ಕಾಣುತ್ತದೆಯೇ ಎಂದೆ. ಅಂಗೈಯಗಲ ಕಾಣುತ್ತದೆ ಎಂದರು. ಅಷ್ಟಾದರೂ ಇದೆಯಲ್ಲ ಎಂದು ಜೀವಕ್ಕೆ ಸಮಾಧಾನವಾಯಿತು.

ಆಮೇಲೆ ಅವರು ತಲೆ ತಗ್ಗಿಸಿಕೊಂಡು ನರೇಶನ ಇವತ್ತಿನ ಭೇಟಿ ಬಂದ್ ಆಗಿದೆ ಎಂದರು. ದಿನಕ್ಕೆ ಐದು ಸಲ ಎಣಿಕೆ. ಪ್ರತಿಯೊಬ್ಬನೂ ತನ್ನ ನಂಬರು ಕೂಗಿ ಹೇಳಬೇಕು. ಇವನು ಬಾಯಿ ಬಿಡುವುದಿಲ್ಲ. ಸೊಕ್ಕು ಎಂದು ಬರೆದಿದ್ದಾರೆ. ಇವತ್ತೂ ಹೇಳದಿದ್ದರೆ ಮೂರು ತಿಂಗಳು ಮುಖ ನೋಡುವಂತಿಲ್ಲ.

"ಯಾಕ ಎಣಸ್ತೀರಿ? ಮಾರಿ ನೋಡಿದ್ರ ಗೊತ್ತಾಗಂಗಿಲ್ಲೇನ್ರಿ?" ಎಂದುಬಿಟ್ಟೆ.

ಸೊಕ್ಕಲ್ಲ ಅದು. ನನಗೆ ಗೊತ್ತು. ನಮ್ಮ ಹಟ್ಟಿಯಲ್ಲಿ ಜೀವ ಇರುವುದನ್ನು ಯಾರೂ ಎಣಿಸುವುದಿಲ್ಲ. ಸಂಜೆ ತಡಿಕೆಯ ಹತ್ತಿರ ನಿಂತು ಮುಖ ನೋಡಿದರೆ ಸಾಕು, ಯಾವುದು ಬಂದಿಲ್ಲ ಎಂಬುದು ತಿಳಿಯುತ್ತದೆ. ಆರು ವರ್ಷದವನಿದ್ದಾಗ ಅವನು ಬೆರಳು ಮಾಡಿ ಮರಿಗಳನ್ನು ಎಣಿಸಿದ್ದ. ಎಣಿಸಿದರೆ ಕಡಿಮೆಯಾಗುತ್ತವೆ ಎಂದು ಕೆನ್ನೆಗೆ ಬಾರಿಸಿದವಳು ನಾನೇ.

ಇದನ್ನೆಲ್ಲ ಹೇಳಿದೆ. ತುಳಜಪ್ಪ ನಗಲಿಲ್ಲ. ಸಾಹೇಬರ ಹತ್ತಿರ ಹೋಗಿ ಐದು ನಿಮಿಷದ ಭೇಟಿ ಕೇಳಿಕೊಂಡು ಬಂದರು. ನನ್ನೆದುರಿಗೆ ಅವನು ನಂಬರು ಹೇಳಬೇಕು, ಅದೇ ಷರತ್ತು.

ಗಾಜಿನ ಆಚೆ ಕೂತ ಮಗ ಸೊರಗಿದ್ದ. ಫೋನು ಎತ್ತಿಕೊಂಡು, ನಂಬರು ಹೇಳು ಎಂದೆ.

"ನೀನೇ ಹೊಡದಿದ್ದೆಲ್ಲವ್ವಾ."

"ಹೊಡದಿದ್ದೆ. ಈಗ ನಾನೇ ಹೇಳಾಕತ್ತೀನಿ. ಎಣಿಸಿಕೋ, ಮಗಾ. ನೀ ಕಡಿಮಿ ಆಗಂಗಿಲ್ಲ. ನಾ ಮಾರಿ ನೋಡ್ತೀನಲ್ಲ."

ಅವನು ನನ್ನ ಮುಖ ನೋಡಿದ. ಆಮೇಲೆ ಹಿಂದೆ ನಿಂತ ಕಾವಲಿನವನ ಕಡೆ ತಿರುಗಿ ತೆಲುಗಿನಲ್ಲಿ ತನ್ನ ನಂಬರು, "ನಲಭೈ ಒಕಟಿ" ಎಂದ. ಮನೆಯ ಮಾತಿನಲ್ಲಿ ಹೇಳುವುದು ಅವನಿಂದ ಆಗಲಿಲ್ಲ. ಕಾವಲಿನವನು ಬರೆದುಕೊಂಡ. ಮುಂದಿನ ಭೇಟಿ ಉಳಿಯಿತು.

ಹೊರಗೆ ಬರುವಾಗ ಎರಡು ಬಾಗಿಲುಗಳ ನಡುವೆ ನಿಲ್ಲಿಸಿದರು. ಗೋಡೆಯೊಳಗಿನ ಒಂದು ದನಿ ಬಿಲ್ಲೆಯ ನಂಬರು ಕೇಳಿತು. ನಾನು ಬಿಲ್ಲೆಯನ್ನೇ ಎತ್ತಿ ತೋರಿಸಿದೆ. ಬಾಯಲ್ಲಿ ಹೇಳಬೇಕಂತೆ. ನಾಲಿಗೆ ಏಳಲಿಲ್ಲ. ಹಿಂದಿನ ಬಾಗಿಲು ಮುಚ್ಚಿತ್ತು, ಮುಂದಿನದು ತೆರೆದಿರಲಿಲ್ಲ. ಮಗನ ಕೈಲಿ ಹೇಳಿಸಿ ಬಂದವಳು ನಾನು.

"ಹನ್ನೊಂದ್ರಿ," ಎಂದೆ.

ಬಾಗಿಲು ತೆರೆಯಿತು.