ಕಿವಿರಿನ ಕೊಂಬೆ

ಬೆಳಗಿನಿಂದ ಅವಳು ಕಾಲು ಸುಟ್ಟ ಬೆಕ್ಕಿನ ಹಾಗೆ ಮ್ಯೂಸಿಯಂ ತುಂಬ ಓಡಾಡುತ್ತಿದ್ದಳು. ಕಿಟಕಿ ತೆರೆದಳು, ತೆರೆದದ್ದನ್ನು ಮುಚ್ಚಿದಳು. ಗಾಜಿನ ಜಾಡಿಗಳನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಸಂಜೆ ಸಾಲಮಾಂಡರ್ ಕೋಣೆಯ ಉದ್ಘಾಟನೆ. ಉದ್ಘಾಟಿಸಿ ಮಾತಾಡುವವರು ದೊಡ್ಡ ಮೇಡಂ. ದೊಡ್ಡ ಮೇಡಂ ಎಂದರೆ ಅವಳ ತಾಯಿಯ ಅಕ್ಕ. ಅವಳನ್ನು ಸಾಕಿದವರು, ಈ ಕೆಲಸ ಕಲಿಸಿದವರು, ಈ ವಿಭಾಗದ ಕುರ್ಚಿಯಿಂದಲೇ ನಿವೃತ್ತರಾದವರು. ಆ ಕುರ್ಚಿಗೆ ಬಂದ ತಪ್ಪಿಗೆ ಇವಳು ಚಿಕ್ಕ ಮೇಡಂ. ತಲೆ ನರೆತರೂ ಚಿಕ್ಕ ಮೇಡಂ.

ಗೋಡೆಗೆ ಬಡಗಿ ಮರದ ಪಟ್ಟಿಗಳಿಂದ ಒಂದು ವಂಶವೃಕ್ಷ ಕೂರಿಸುತ್ತಿದ್ದ. ಸಾಲಮಾಂಡರ್‌ಗೆ ಹಲ್ಲಿಯ ಮೈಕಟ್ಟು, ಆದರೆ ನೆಂಟಸ್ತಿಕೆಯೆಲ್ಲ ಕಪ್ಪೆಯ ಕಡೆಗೆ. ಹತ್ತು ಕುಟುಂಬ, ಹತ್ತು ಕೊಂಬೆ. ಬುಡದ ಹತ್ತಿರ ಮನುಷ್ಯನಷ್ಟು ಉದ್ದ ಬೆಳೆಯುವ ದೈತ್ಯರು. ಮೇಲೆ, ಶ್ವಾಸಕೋಶದ ಗೊಡವೆಯೇ ಬೇಡವೆಂದು ಚರ್ಮದಲ್ಲಿ ಉಸಿರಾಡುವವರು. ಪ್ರತಿ ಕೊಂಬೆಯ ತುದಿಗೂ ಬಡಗಿ ಒಂದೊಂದು ಪ್ರಾಣಿಯನ್ನು ಕೆತ್ತಿ ಅಂಟಿಸಿದ್ದ.

ಎಷ್ಟೋ ಸಾಲಮಾಂಡರ್‌ಗಳು ಮರಿಯಾಗಿದ್ದಾಗ ನೀರಿನಲ್ಲಿರುತ್ತವೆ, ಕತ್ತಿನ ಪಕ್ಕ ಗರಿಯಂಥ ಕಿವಿರು ಇರುತ್ತದೆ. ಬೆಳೆದ ಮೇಲೆ ಅದನ್ನು ಕಳಚಿ ನೆಲಕ್ಕೆ ಬರುತ್ತವೆ. ಕೆಲವಕ್ಕೆ ಮಾತ್ರ ದೊಡ್ಡವರಾಗುವ ಮನಸ್ಸೇ ಇಲ್ಲ. ಮೊಮ್ಮಕ್ಕಳನ್ನು ಕಂಡರೂ ಕಿವಿರು ಬಿಡವು. ದೊಡ್ಡ ಮೇಡಂ ಪ್ರಾಯದಲ್ಲಿ ಇಂಥವನ್ನೆಲ್ಲ ಎಲುಬು ಎಲುಬು ಅಳೆದು, ಇವು ಒಂದೇ ಮನೆತನ ಎಂದು ಒಂದೇ ಕೊಂಬೆಗೆ ಕೂರಿಸಿದ್ದರು. ಅವರಿಗೆ ಹೆಸರು ಬಂದದ್ದೇ ಆ ಕೊಂಬೆಯಿಂದ. ಆಮೇಲೆ ಡಿಎನ್‌ಎ ಬಂತು. ಮರಿಯ ವೇಷದಲ್ಲೇ ಉಳಿದವರು ಒಬ್ಬರನ್ನೊಬ್ಬರು ಹೋಲುತ್ತಾರೆ, ನಿಜ. ಆದರೆ ಬೇರೆ ಬೇರೆ ಮನೆಯವರು ಬೇರೆ ಬೇರೆ ಕಾಲದಲ್ಲಿ ಅದೇ ಹಠ ಹಿಡಿದದ್ದು ಅಷ್ಟೇ ಎಂದು ಗೊತ್ತಾಯಿತು. ಹಸುಗೂಸುಗಳೆಲ್ಲ ಒಂದೇ ಥರ ಕಾಣುತ್ತವೆಂದು ಅವನ್ನು ಒಡಹುಟ್ಟಿದವರು ಅಂದಂತಾಗಿತ್ತು.

ಈ ಸುದ್ದಿ ಊರಿಗೆಲ್ಲ ಗೊತ್ತು, ದೊಡ್ಡ ಮೇಡಂಗೆ ಮಾತ್ರ ಗೊತ್ತಿಲ್ಲ. ಅವರ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ದಿನಾ ಸಂಜೆ ಊಟದ ಮೇಜಿನ ಮೇಲೆ ಹೊಸ ಸಂಶೋಧನಾ ಲೇಖನಗಳನ್ನು ಹರಡಿಕೊಂಡು ಇವಳು ಓದುವುದು, ಅವರು ಕೇಳುವುದು. ಆ ಮಾತು ಮೊದಲ ಸಲ ಎದುರಾದಾಗ ಅವರಿಗೆ ಜ್ವರ ಬಂದಿತ್ತು. ಇವತ್ತು ಬೇಡ ಎಂದು ಒಂದು ಪ್ಯಾರಾ ಹಾರಿಸಿದಳು. ಆಮೇಲೆ ಹಾರಿಸುವುದೇ ಅಭ್ಯಾಸವಾಯಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅದನ್ನು ತೆಗೆದು ಪಕ್ಕಕ್ಕಿಟ್ಟು, ದನಿ ನಡುಗದಂತೆ ಮುಂದಿನ ಪುಟಕ್ಕೆ ಹೋಗುತ್ತಿದ್ದಳು. ಹಳೆಯ ಸಹೋದ್ಯೋಗಿಗಳು ಮನೆಗೆ ಬಂದರೆ ಬಾಗಿಲಲ್ಲೇ ಕಣ್ಸನ್ನೆ. ಪ್ರೀತಿಯಿಂದ ಮಾಡಿದ್ದು, ಸುಳ್ಳಲ್ಲ. ಹೆದರಿ ಮಾಡಿದ್ದೂ ಸುಳ್ಳಲ್ಲ.

ಇವತ್ತು ದೊಡ್ಡಮ್ಮ ಎಲ್ಲರೆದುರು ಅದೇ ಹಳೆಯ ಒಂದು ಮನೆತನದ ಮಾತಾಡಿದರೆ ನಗೆಪಾಟಲು. ಬೆಳಗಿನ ಕಾಫಿಯ ಹೊತ್ತಿಗೆ ಹೇಳಿಬಿಡಬೇಕೆಂದುಕೊಂಡಿದ್ದಳು. ಕಾಫಿ ಮುಗಿಯಿತು, ಲೋಟ ತೊಳೆದಾಯಿತು, ಮಾತು ಮಾತ್ರ ಗಂಟಲಲ್ಲೇ ಉಳಿಯಿತು.

"ಮೇಡಂ, ಸ್ವಲ್ಪ ಕೂತ್ಕೊಳ್ಳಿ," ಎಂದ ಬಡಗಿ. "ನೀವು ಹೀಗೆ ಸುತ್ತುತಾ ಇದ್ರೆ ನನ್ನ ಏಣಿಗೇ ತಲೆ ತಿರುಗುತ್ತೆ."

"ಅಂಟು ಒಣಗಿತಾ?"

"ಒಣಗಿ ಕಲ್ಲಾಗಿದೆ. ಇನ್ನು ಕಿತ್ತರೆ ಗೋಡೆ ಸಮೇತ ಬರುತ್ತೆ."

ಅಷ್ಟರಲ್ಲಿ ಬಾಗಿಲ ಕಡೆ ಕೋಲಿನ ಸದ್ದಾಯಿತು. "ಸಂಜೆವರೆಗೂ ಮನೇಲಿ ಕೂತು ಏನ್ ಮಾಡ್ಲಿ?" ಎನ್ನುತ್ತ ದೊಡ್ಡಮ್ಮ ಒಳಗೆ ಬಂದೇಬಿಟ್ಟರು. "ಮರ ಎಲ್ಲಿ?"

"ದೊಡ್ಡಮ್ಮ, ಒಂದು ಮಾತು ಹೇಳ್ಬೇಕು, ಮೊದಲು ಕೂತ್ಕೊಳ್ಳಿ..."

"ಮಾತು ಆಮೇಲೆ." ಅವರು ಗೋಡೆಗೆ ಕೈಯಿಟ್ಟು, ಪಟ್ಟಿ ಸಿಕ್ಕಿದ ಕೂಡಲೇ ಮುಖ ಅರಳಿಸಿದರು. "ಅಯ್ಯೋ, ಮರದಲ್ಲೇ ಮಾಡಿಸಿದ್ದೀಯಾ! ನನಗೋಸ್ಕರಾನಾ?"

ಅವರಿಗೋಸ್ಕರವೇ. ಬಾಯಿಗೆ ಬಾರದ್ದನ್ನು ಅವರ ಬೆರಳಿಗೆ ಬಿಟ್ಟುಬಿಡೋಣ ಎಂಬ ಹೇಡಿತನವೂ ಅದರಲ್ಲಿತ್ತು.

ಬೆರಳು ಬುಡದಿಂದ ಹೊರಟಿತು. ಸ್ವಲ್ಪ ಮೇಲೆ ಒಂಟಿ ಕೊಂಬೆಯ ತುದಿಯಲ್ಲಿ ಮುಂಗಾಲು ಎರಡೇ ಇರುವ ಹಾವಿನಂಥದ್ದು ಸಿಕ್ಕಿತು. ಕಿವಿರು ಇತ್ತು. "ಸೈರನ್ ಇಲ್ಲಿ ಒಬ್ಬಳೇ ಯಾಕೆ?" ಎಂದರು. ಇನ್ನೆಲ್ಲೋ ಗುಹೆಯ ಪ್ರಾಣಿ, ಅದಕ್ಕೂ ಕಿವಿರು. ಇನ್ನೊಂದು ತುದಿಯಲ್ಲಿ, ಕಿವಿರು ಕಳಚಿದ ದಾಯಾದಿಗಳ ನಡುವೆ, ಕಿವಿರು ಬಿಡದ ಆಕ್ಸೊಲಾಟಲ್. ದೊಡ್ಡಮ್ಮ ಮತ್ತೆ ಬುಡಕ್ಕೆ ಹೋದರು, ಮತ್ತೆ ಮೇಲೆ ಬಂದರು. ತಮ್ಮ ಕೊಂಬೆಯನ್ನು ಹುಡುಕಿದರು.

"ಯಾವಾಗಿಂದ?"

"ತುಂಬಾ ವರ್ಷ ಆಯ್ತು. ನಿಮಗೆ ಬೇಜಾರಾಗುತ್ತೆ ಅಂತ..."

"ಆಗ್ತಿತ್ತು. ಒಂದಷ್ಟು ದಿನ ಊಟ ಸೇರ್ತಿರಲಿಲ್ಲ. ಆಮೇಲೆ ಜಗಳಕ್ಕೆ ನಿಲ್ತಿದ್ದೆ, ಎಲ್ಲಿ ಎಡವಿದೆ ಅಂತ ಹುಡುಕ್ತಿದ್ದೆ." ಅವರ ಕೈ ಇನ್ನೂ ಗೋಡೆಯ ಮೇಲೇ ಇತ್ತು. "ಅಷ್ಟೂ ವರ್ಷ ನನಗೆ ಕೆಲಸ ಇರ್ತಿತ್ತು ಕಣೇ."

ಅವಳಿಗೆ ಅಳು ಬಂತು. ಅಳುವ ಹಕ್ಕು ತನಗಿಲ್ಲವೆಂದು ನುಂಗಿಕೊಂಡಳು.

"ಇನ್ನು ಓದೋಕಾಗಲ್ಲ ಅಂತ ಡಾಕ್ಟರ್ ಹೇಳಿದ ದಿನ ನಾನು ಅತ್ತಿರಲಿಲ್ಲ," ಎಂದರು ದೊಡ್ಡಮ್ಮ. "ನಿನ್ನ ಕಣ್ಣಿದೆಯಲ್ಲ ಅಂದ್ಕೊಂಡಿದ್ದೆ."

ಸಂಜೆ ಕೋಣೆ ತುಂಬಿತ್ತು. ದೊಡ್ಡ ಮೇಡಂ ಮಾತಿಗೆ ನಿಂತರು. "ಇವತ್ತು ಮಧ್ಯಾಹ್ನದವರೆಗೂ ಇವೆಲ್ಲ ಒಂದೇ ಕುಟುಂಬ ಅಂತ ನಂಬಿದ್ದೆ. ಅಲ್ಲವಂತೆ. ನಂಬಿಕೆ ಬರದಿದ್ದವರು ಗೋಡೆ ಮುಟ್ಟಿ ನೋಡಿ. ಸೈರನ್ ವಿಷಯಕ್ಕೆ ಮಾತ್ರ ನಾನಿನ್ನೂ ಜಗಳ ಕಾಯುವವಳೇ." ಯಾರೂ ನಗಲಿಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳು ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದಳೋ ಅದು ಆಗಲೇ ಇಲ್ಲ. ಮೆಟ್ಟಿಲ ಬಳಿ ಕೈ ನೀಡಿದಳು. ದೊಡ್ಡಮ್ಮ ಪಕ್ಕದ ಕಂಬಿ ಹಿಡಿದು ಇಳಿದರು.

ಮನೆಗೆ ಬಂದು ಮೇಜಿನ ಮುಂದೆ ಕೂತು, "ಮೊದಲಿಂದ ಓದು," ಎಂದರು. ಹಾರಿಸಿದ್ದ ಲೇಖನಗಳಲ್ಲಿ ತೀರ ಹಳೆಯದನ್ನು ಅವಳು ತೆಗೆದಳು. ಒಂದು ಪ್ಯಾರಾ ಓದಿದಳು.

"ಏನಾದ್ರೂ ಬಿಟ್ಯಾ?"

"ಇಲ್ಲ ದೊಡ್ಡಮ್ಮ."

ಇನ್ನೊಂದು ಓದಿದಳು.

"ಏನಾದ್ರೂ ಬಿಟ್ಯಾ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಗೊತ್ತಿಲ್ಲದೆ ಕೇಳುವವರು ಕೇಳುವ ಹಾಗೆ ಕೇಳುತ್ತಿದ್ದರು. ಅವಳು ಒಂದಕ್ಷರವನ್ನೂ ಬಿಟ್ಟಿರಲಿಲ್ಲ. "ನೋಡಿ ಬೇಕಾದ್ರೆ," ಎಂದು ಹಾಳೆಯನ್ನು ದೊಡ್ಡಮ್ಮನ ಮುಖದ ಮುಂದೆ ಹಿಡಿದಳು, ಹಿಡಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.