ತುಂಡು ಮಾಡದೆ ಬಿಟ್ಟ ಏಣಿ

ಮೂಡಿಗೆರೆ ಕಡೆಯ ತೋಟಗಳಲ್ಲಿ ಮೆಣಸು ಕೊಯ್ಯಲು ಮೊದಲು ಬಿದಿರಿನ ಏಣಿ ಇತ್ತು, ಆಮೇಲೆ ಅಲ್ಯೂಮಿನಿಯಂ ಬಂತು. ಅದು ಕರೆಂಟ್ ತಂತಿಗೆ ತಾಗಿ ಜನ ಸಾಯತೊಡಗಿದ ಮೇಲೆ ಫೈಬರ್ ಏಣಿ. ಎಸ್ಟೇಟಿಗೆ ಬಂದ ಮೊದಲ ಫೈಬರ್ ಏಣಿ ಕೆಂಪಯ್ಯನ ಪಾಲಿಗೆ ಬಂದಿತ್ತು. ಮೆಣಸಿನ ಬಳ್ಳಿ ಹಬ್ಬಿದ ಎತ್ತರದ ಸಿಲ್ವರ್ ಮರಗಳನ್ನೆಲ್ಲ ಅವನೇ ಹತ್ತುತ್ತಿದ್ದ. ಹಳದಿ ಬಣ್ಣದ ಆ ಏಣಿಯೆಂದರೆ ಅವನಿಗೆ ಮೀಸೆಯಷ್ಟೇ ಹೆಮ್ಮೆ.

ಅವನ ಮಗಳು ಭವ್ಯಾ ಕಲಿತದ್ದು ವಸ್ತುಗಳನ್ನು ಒಡೆಯದೆ ಒಳಗಿನ ದೋಷ ಹುಡುಕುವ ಕೆಲಸ. ಫೈಬರ್ ಎಂದರೆ ಗಾಜಿನ ನೂಲಿನ ಪದರಗಳನ್ನು ಅಂಟಿನಲ್ಲಿ ಕೂರಿಸಿದ್ದು. ಹೊರಗೆ ನುಣ್ಣಗಿದ್ದರೂ ಒಳಗೆ ಪದರ ಬಿಟ್ಟುಕೊಂಡಿರಬಹುದು. ಮೇಲೆ ಜೆಲ್ ಸವರಿ ಮಿಷನ್ನಿನ ಪ್ರೋಬ್ ಒತ್ತಿದರೆ, ಕಿವಿಗೆ ಕೇಳದ ಸದ್ದು ಒಳಹೊಕ್ಕು ಆಚೆ ಮೈಗೆ ಬಡಿದು ಹಿಂದಿರುಗುತ್ತದೆ. ಪದರ ಬಿಟ್ಟಿದ್ದರೆ ಅರ್ಧದಲ್ಲೇ ಹಿಂದಿರುಗುತ್ತದೆ, ಸ್ಕ್ರೀನಿನಲ್ಲಿ ಬರಬಾರದ ಜಾಗದಲ್ಲಿ ಗೆರೆಯೊಂದು ಏಳುತ್ತದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಎಸ್ಟೇಟಿನವರು ಏಣಿಗಳ ಪರೀಕ್ಷೆ ಮಾಡಿಸಿದರು. ಭವ್ಯಾ ಕೆಲಸಕ್ಕಿದ್ದ ಕಂಪನಿ ಅವಳನ್ನೇ ಕಳಿಸಿತು. ಕಣದಲ್ಲಿ ಅಪ್ಪನ ಏಣಿಗೆ ಪ್ರೋಬ್ ಇಟ್ಟಾಗ ಆ ಗೆರೆ ಎದ್ದಿತು. ಒರೆಸಿ, ಮತ್ತೆ ಜೆಲ್ ಹಚ್ಚಿ ನೋಡಿದಳು. ಅಲ್ಲೇ ಎದ್ದಿತು.

ಕೆಟ್ಟ ಏಣಿಗೆ ದೋಷವಿರುವಲ್ಲಿ ಕೆಂಪು ಗುರುತು ಹಾಕಿ, ಅಲ್ಲೇ ಗರಗಸದಿಂದ ತುಂಡು ಮಾಡಬೇಕೆಂಬುದು ನಿಯಮ. ಇಡಿಯಾಗಿ ಬಿಟ್ಟರೆ ಯಾರಾದರೂ ಹತ್ತಿಯೇ ಹತ್ತುತ್ತಾರೆ. ಬೇರೆಯವರ ಏಣಿಗಳನ್ನು ಅವಳು ಮುಖ ನೋಡದೆ ಕತ್ತರಿಸಿದ್ದಳು. ಇದಕ್ಕೂ ಗುರುತು ಹಾಕಿ ಗರಗಸ ಎತ್ತಿಕೊಂಡಳು.

"ಇದೊಂದು ಕುಯ್ಬ್ಯಾಡ ಮಗಾ," ಎಂದ ಕೆಂಪಯ್ಯ ಮೆಲ್ಲಗೆ. "ಇಷ್ಟು ಜನದ ಎದ್ರಿಗೆ ನನ್ ಮರ್ಯಾದಿ ತೆಗೀತೀಯಾ? ಮನೆ ಹಿಂದೆ ಒರಗಿಸಿಡ್ತೀನಿ. ಇನ್ ಹತ್ತಲ್ಲ, ನಿನ್ನಾಣೆ."

ಭವ್ಯಾ ಗರಗಸ ಕೆಳಗಿಟ್ಟಳು. ಹೆತ್ತ ಅಪ್ಪ ಆಣೆ ಮಾಡಿದ ಮೇಲೆ ಯಾವ ಮಗಳು ತಾನೇ ಕೊಯ್ದಾಳು? ಆದರೂ ಕೊಯ್ಯಬೇಕಿತ್ತು.

ಮನೆಗೆ ಬಂದ ಏಣಿಯನ್ನು ಕಂಡು ಹುಚ್ಚಮ್ಮ ರಾತ್ರಿ ಊಟ ಬಡಿಸುತ್ತ ಗಂಡನನ್ನು ಕೇಳಿದಳು, "ಇದ್ಯಾಕೆ ಇಲ್ಲಿಗ್ ತಂದ್ರಿ?"

"ನಂಗೆ ಹೊಸದು ಕೊಡ್ತಾರಂತೆ. ಇದು ನೀನೇ ಇಟ್ಕೋ ಅಂದ್ರು ಸಾವ್ಕಾರ್ರು," ಎಂದು ಕೆಂಪಯ್ಯ ಜಂಬ ಕೊಚ್ಚಿಕೊಂಡ.

ಹುಚ್ಚಮ್ಮ ಮಗಳ ಕಡೆ ತಿರುಗಿದಳು. "ಹೌದೇನೇ? ಚೆನ್ನಾಗೈತಾ ಅದು?"

ಭವ್ಯಾ ತಲೆಯೆತ್ತದೆ "ಹೂಂ" ಎಂದಳು. ಅಪ್ಪನ ಮಾನ ಉಳಿಸಬೇಕಿತ್ತಲ್ಲ! ಮರುದಿನ ಕೆಲಸಕ್ಕೆ ಹೊರಟುಹೋದಳು.

ಆಯುಧ ಪೂಜೆಗೆ ಹಾರೆ, ಕತ್ತಿ, ಏಣಿ ಎಲ್ಲವನ್ನೂ ತೊಳೆದು ಬಣ್ಣ ಬಳಿಯುವುದು ಕೆಂಪಯ್ಯನ ಪದ್ಧತಿ. ಆ ವರ್ಷವೂ ಬಳಿದ. ಹೊಸ ಹಳದಿಯ ಅಡಿಯಲ್ಲಿ ಕೆಂಪು ಗುರುತು ಮುಚ್ಚಿಹೋಯಿತು. ಮೇಲೆ ಕುಂಕುಮ, ಚೆಂಡುಹೂವಿನ ಹಾರ ಬೇರೆ.

ಕೆಂಪಯ್ಯ ಆಣೆಗೆ ತಪ್ಪಲಿಲ್ಲ, ಒಮ್ಮೆಯೂ ಅದನ್ನು ಹತ್ತಲಿಲ್ಲ. ಮೆಣಸು ಹಣ್ಣಾಗುವ ಕಾಲಕ್ಕೆ ಪಕ್ಕದ ಮನೆಯ ದೇವೇಂದ್ರ ಹಿತ್ತಲ ಮರ ಹತ್ತಬೇಕೆಂದು ಏಣಿ ಕೇಳಲು ಬಂದ. ಕೆಂಪಯ್ಯ ತೋಟದಲ್ಲಿದ್ದ. ಏಣಿ ಕೇಳಿದವರಿಗೆ ಇಲ್ಲವೆನ್ನುವ ರೂಢಿ ಆ ಕೇರಿಯಲ್ಲಿಲ್ಲ. ಹುಚ್ಚಮ್ಮ ಕೊಟ್ಟಳು.

ಏಣಿ ನಡುವೆ ಮುರಿಯಿತು. ದೇವೇಂದ್ರ ಬದುಕಿದ, ಆದರೆ ಬೆನ್ನುಮೂಳೆಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು.

ಸುದ್ದಿ ಕೇಳಿ ಓಡಿಬಂದ ಭವ್ಯಾ ಮೊದಲು ಏಣಿ ನೋಡಿದಳು. ಬಣ್ಣ ಎದ್ದುಹೋದ ಕಡೆ ಅವಳದೇ ಕೆಂಪು ಗುರುತು ಇಣುಕುತ್ತಿತ್ತು. ಮುರಿದದ್ದು ಅಲ್ಲೇ. ಜಗುಲಿಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ ಕೆಂಪಯ್ಯ, "ನಾ ಹತ್ತಿಲ್ಲ ಮಗಾ," ಎಂದು ಅದನ್ನೇ ಹೇಳುತ್ತಿದ್ದ. ಅವಳಿಗೆ ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ತನ್ನ ಮೇಲೆಯೇ ಹೇಸಿಗೆಯಾಯಿತು.

ಹುಚ್ಚಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ದೇವೇಂದ್ರ ಸೊಂಟಕ್ಕೆ ಹಗ್ಗ ಕಟ್ಕೊಳ್ದೆ ಹತ್ತೋನಲ್ಲ. ಅವತ್ತೂ ಹಗ್ಗ ತರ್ತೀನಿ ಅಂತ ಹೊಂಟಿದ್ದ. ನಾನೇ ಅಂದೆ, ಹಗ್ಗ ಯಾಕ್ ಮಾರಾಯ, ನಮ್ ಭವ್ಯಾ ಮಿಷನ್ ಇಟ್ಟು ನೋಡಿರೋ ಏಣಿ, ಧೈರ್ಯವಾಗಿ ಹತ್ತು ಅಂತ. ಅದ್ಹೆಂಗೆ ಮುರೀತೇ?"

ಭವ್ಯಾ ಎಲ್ಲವನ್ನೂ ಹೇಳಿದಳು. ಗರಗಸ ಕೆಳಗಿಟ್ಟದ್ದನ್ನೂ ಬಿಡಲಿಲ್ಲ.

ಹುಚ್ಚಮ್ಮ ಬೈಯಲಿಲ್ಲ. "ಬಡಿಸ್ತಾ ಬಡಿಸ್ತಾ ನಿನ್ನೇ ಕೇಳಿದ್ನಲ್ಲೇ, ಚೆನ್ನಾಗೈತಾ ಅಂತ," ಎಂದಳು.